ಸೂಲಗಿತ್ತಿಯ ಗಿಳಿ

ಜುಲೈ 27, ಭಾನುವಾರ

ಬಾಯಿ ಬಿಟ್ಟರೆ ಬಣ್ಣಗೇಡು. ನನ್ನದು ಬಿಡದಿದ್ದರೂ ಬಣ್ಣಗೇಡೇ, ಆದರೆ ಇವತ್ತು ಬಿಟ್ಟೆ.

ಸಂಜೆ ಪೋರ್ಫಿರಿಯೋನ ಕ್ಷೌರದಂಗಡಿಯ ಜಗಲಿಯಲ್ಲಿ ಎಂದಿನಂತೆ ತೆರೆರೆ, ಅಂದರೆ ತಣ್ಣೀರು ಸುರಿದ ಸೊಪ್ಪಿನ ಚಹಾ, ಕುಡಿಯುತ್ತ ಕೂತಿದ್ದೆವು. ಒಂದೇ ಲೋಟ, ಒಂದೇ ಕೊಳವೆ, ಐದು ಬಾಯಿ. ಅಷ್ಟರಲ್ಲಿ ನಾವೆಲ್ಲ ಅಮ್ಮ ಎನ್ನುವ ನ್ಯಾ ಎರ್ಮೆಲಿಂಡಾ ಕೋಲೂರಿಕೊಂಡು ಬಂದರು. ಎಪ್ಪತ್ತೆಂಟು ವರ್ಷ. ಅರೆಗ್ವಾ ಊರಿನ ಅರ್ಧ ಜನರನ್ನು ಭೂಮಿಗೆ ಇಳಿಸಿದ ಸೂಲಗಿತ್ತಿ. ಮಿಕ್ಕರ್ಧ ಜನರನ್ನು ಬೈದು ಬೆಳೆಸಿದವರೂ ಅವರೇ.

"ಸೆಪ್ಟೆಂಬರ್ ಹದಿನಾಲ್ಕಕ್ಕೆ ನಾನು ಅಸುನ್ಸಿಯೋನ್‌ಗೆ ಹೊರಟೆ ಕಣ್ರಪ್ಪ, ಸಿಸ್ಟರುಗಳ ವೃದ್ಧಾಶ್ರಮಕ್ಕೆ. ಸೊಂಟ ಕೈಕೊಟ್ಟಿದೆ. ಅಲ್ಲಿ ಹಕ್ಕಿಪಕ್ಕಿ ಸೇರ್ಸಲ್ವಂತೆ. ನನ್ನ ಗಿಳಿ ತೋಮಾಸಾನ ಯಾರು ಇಟ್ಕೋತೀರಾ?" ಎಂದರು.

ಎಲ್ಲರೂ ಲೋಟದೊಳಗೆ ನೊಣ ಬಿದ್ದಿದೆಯೇನೋ ಎಂಬಂತೆ ಇಣುಕಿದರು. ನಾನೂ ಇಣುಕಬಹುದಿತ್ತು. ಜಾಗವಿತ್ತು. ಅದು ಬಿಟ್ಟು, "ಮೂವತ್ತು ವರ್ಷದಿಂದ ಮಣ್ಣಲ್ಲಿ ಗಿಳಿ ಮಾಡ್ತಿದೀನಿ. ಈ ಊರಲ್ಲಿ ಗಿಳಿ ವಿಷಯ ನನಗಿಂತ ಜಾಸ್ತಿ ಯಾರಿಗೆ ಗೊತ್ತು?" ಎಂದೆ. ಮುಂದೆ ಒಂದು ಉಪದೇಶ ಬರುವುದಿತ್ತು. ಗಿಳಿಗೆ ದೊಡ್ಡ ಹಿತ್ತಿಲು ಬೇಕು, ಮಕ್ಕಳಿರುವ ಮನೆ ಬೇಕು, ಹೀಗೆ. ಅದು ಬರುವಷ್ಟರಲ್ಲಿ ಮುದುಕಿ ಕೋಲಿನಿಂದ ನನ್ನ ಕಡೆ ತೋರಿಸಿ, "ಸರಿ, ನೀನೇ ಆಯ್ತು. ಮಂಗಳವಾರ ಬಾ, ನಿನ್ನ ನೋಡೋಣ" ಎಂದರು.

ನಾನು ಗಿಳಿಯನ್ನು ನೋಡಬೇಕೆಂದಲ್ಲ. ನನ್ನನ್ನು ನೋಡುತ್ತಾರಂತೆ.

ಇದು ನನ್ನ ಮಣ್ಣು ಸುಡುವ ಗೂಡಿನ ಪುಸ್ತಕ. ಯಾವ ದಿನ ಏನು ಸುಟ್ಟೆ, ಏನು ಒಡೆಯಿತು ಎಂದು ಬರೆದಿಡುವುದು. ಹಿಂದಿನ ಹಾಳೆಗಳು ಖಾಲಿ ಇದ್ದವು. ಒಡೆದದ್ದರ ಪಟ್ಟಿಗೆ ನನ್ನ ಬುದ್ಧಿಯನ್ನೂ ಸೇರಿಸೋಣ ಎಂದು ಬರೆದಿದ್ದೇನೆ.

ಜುಲೈ 29, ಮಂಗಳವಾರ

ಬರಿಗೈಲಿ ಹೋಗಬಾರದೆಂದು ನನ್ನ ಅಂಗಡಿಯ ಅತ್ಯುತ್ತಮ ಮಣ್ಣಿನ ಗಿಳಿಯನ್ನು ಕಾಗದದಲ್ಲಿ ಸುತ್ತಿಕೊಂಡು ಹೋದೆ. ಹೆದ್ದಾರಿ ಬದಿಯಲ್ಲಿ ನಾನು ಮಾರುವ ಮಣ್ಣಿನ ಕಪ್ಪೆ, ಕುಳ್ಳಬೊಂಬೆ, ಫುಟ್‌ಬಾಲ್ ಕ್ಲಬ್ಬಿನ ಹುಂಡಿಗಳ ನಡುವೆ ಗಿಳಿಯೇ ರಾಜ.

ಬಾಗಿಲು ದಾಟಿದ್ದೇ ತಡ, ಒಳಗಿನಿಂದ ಒಂದು ಕಿರುಚಾಟ: "ಮುಕ್ಕು ಮಗಳೇ, ಮುಕ್ಕು! ಬಂತು, ಬಂತು, ತಲೆ ಬಂತು!"

ನಾನು ಹೊಸ್ತಿಲಲ್ಲೇ ನಿಂತೆ. ಯಾರಿಗೋ ಹೆರಿಗೆ ಆಗುತ್ತಿದೆ, ಗಂಡಸು ಒಳಗೆ ಹೋಗಬಾರದು ಎಂದುಕೊಂಡೆ. ಒಳಗಿದ್ದದ್ದು ಗಿಳಿ. ಮೂವತ್ತೊಂದು ವರ್ಷ ಆ ಕೋಣೆಯಲ್ಲಿ ಕೇಳಿದ್ದನ್ನೆಲ್ಲ ಅದು ಕಲಿತಿದೆ. ಆಮೇಲೆ ಹಸುಗೂಸಿನ ಹಾಗೆ ಅತ್ತು, "ಹೆಣ್ಣು!" ಎಂದು ನನ್ನನ್ನು ನೋಡಿ ಘೋಷಿಸಿತು.

ನ್ಯಾ ಎರ್ಮೆಲಿಂಡಾ ನನ್ನ ಉಡುಗೊರೆಯನ್ನು ಬಿಚ್ಚಿ, ಕನ್ನಡಕ ಏರಿಸಿ, ತಿರುಗಿಸಿ ತಿರುಗಿಸಿ ನೋಡಿದರು.

"ಸೆಫೆರಿನೋ, ಇದರ ಕಾಲಲ್ಲಿ ಮುಂದೆ ಎಷ್ಟು ಬೆರಳಿದೆ?"

"ಮೂರು."

"ಹಿಂದೆ?"

"ಒಂದು."

"ಈಗ ಅವಳ ಕಾಲು ನೋಡು."

ನೋಡಿದೆ. ಮುಂದೆ ಎರಡು, ಹಿಂದೆ ಎರಡು. ಮತ್ತೊಮ್ಮೆ ಎಣಿಸಿದೆ. ಗಿಳಿ ನನಗೆ ಅನುಕೂಲವಾಗಲೆಂದು ಒಂದು ಕಾಲನ್ನು ಎತ್ತಿ ಹಿಡಿಯಿತು.

"ಇದು ಕೋಳಿ ಕಣೋ. ಹಸಿರು ಬಳಿದ ಕೋಳಿ," ಎಂದರು ಮುದುಕಿ.

ಮೂವತ್ತು ವರ್ಷ. ವರ್ಷಕ್ಕೆ ಇನ್ನೂರು ಎಂದರೂ ಆರು ಸಾವಿರ ಕೋಳಿಗಳು ನನ್ನ ಹೆಸರು ಹೊತ್ತು ದೇಶವಿಡೀ ಕಪಾಟುಗಳ ಮೇಲೆ ಕೂತಿವೆ.

ಆಗಸ್ಟ್ 1, ಶುಕ್ರವಾರ

ಆಗಸ್ಟ್ ತಿಂಗಳು ಬಡಕಲು ಹಸುವನ್ನೂ ಮುದುಕರನ್ನೂ ಒಯ್ಯುತ್ತದೆ ಎಂದು ನಮ್ಮ ಕಡೆ ನಂಬಿಕೆ. ಆದ್ದರಿಂದ ಬೆಳಗ್ಗೆ ಖಾಲಿ ಹೊಟ್ಟೆಗೆ ಸೊಪ್ಪು, ನಿಂಬೆ ಹಾಕಿದ ಕಬ್ಬಿನ ಸಾರಾಯಿ ಮೂರು ಗುಟುಕು ಕುಡಿದೆ. ನಾಲ್ಕನೆಯದು ಹಸುವಿನ ಪರವಾಗಿ.

ಆಮೇಲೆ ಮುದುಕಿಯ ಮನೆಯಲ್ಲಿ ಪಾಠ. ಬಾಣಲೆಗಳಲ್ಲಿ ಅಂಟದ ಬಗೆಯದು ಯಾವುದಿದ್ದರೂ ಎಸೆಯಬೇಕಂತೆ. ಅದು ಕಾದು ಹೊಗೆಯಾಡಿದರೆ ಮನುಷ್ಯರಿಗೆ ಗೊತ್ತೂ ಆಗದು, ಗಿಳಿ ಮಾತ್ರ ಕೊಂಬೆಯಿಂದ ಉರುಳಿಬೀಳುತ್ತದಂತೆ. ಬೆಣ್ಣೆಹಣ್ಣು ವಿಷ. ನನ್ನ ಹಿತ್ತಿಲಲ್ಲಿರುವ ಒಂದೇ ಒಂದು ಮರ ಬೆಣ್ಣೆಹಣ್ಣಿನದು. ಗೂಡು ಹಚ್ಚುವ ದಿನ ಗಾಳಿ ಯಾವ ಕಡೆಗೆ ಎಂದು ನೋಡಬೇಕು. ಕತ್ತಲಾದ ಮೇಲೆ ಹನ್ನೆರಡು ಗಂಟೆ ನಿದ್ದೆ ಬೇಕು. ಒಬ್ಬಂಟಿ ಬಿಟ್ಟರೆ ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುತ್ತದೆ.

"ಮತ್ತೆ ಸಿಗರೇಟು," ಎಂದರು.

"ಕಿಟಕಿ ಹೊರಗೆ ಬಿಡ್ತೀನಿ ಅಮ್ಮ."

"ವಾಸನೆ ನಿನ್ನ ಅಂಗಿ ಬಿಡುತ್ತೇನೋ? ನಿನ್ನ ಮೀಸೆ ಬಿಡುತ್ತೇನೋ? ನೀನು ಬರ್ತಿದೀಯ ಅಂತ ಅವಳಿಗೆ ಮೂಗಲ್ಲೇ ಗೊತ್ತಾಗುತ್ತೆ."

ನನ್ನ ಹೆಂಡತಿ ಬದುಕಿದ್ದಾಗ ಹದಿನಾರು ವರ್ಷ ಇದನ್ನೇ ಹೇಳಿದಳು. ನಾಲ್ಕು ನೂರು ಗ್ರಾಮಿನ ಹಕ್ಕಿಯೊಂದಕ್ಕಾಗಿ ಬಿಡುವುದೆಂದರೆ ಅವಳ ಸಮಾಧಿಯ ಮುಂದೆ ಹೇಗೆ ಮುಖ ತೋರಿಸಲಿ?

ಆಗಸ್ಟ್ 4, ಸೋಮವಾರ

ಸೇದಲಿಲ್ಲ. ಎರಡು ಹೂಜಿ ಒಡೆದೆ. ಒಂದು ಕೈಜಾರಿ, ಒಂದು ಬೇಕೆಂದೇ.

ಆಗಸ್ಟ್ 6, ಬುಧವಾರ

ಸೇದಲಿಲ್ಲ. ಪೋರ್ಫಿರಿಯೋ "ಹೇಗಿದೀಯಾ" ಎಂದು ಕೇಳಿದ್ದಕ್ಕೆ ಬೈಗುಳದೊಳಗೆ ಅವನ ತಾಯಿಯನ್ನೂ ಎಳೆದು ತಂದೆ. ಆಮೇಲೆ ಹೋಗಿ ಕ್ಷಮೆ ಕೇಳಿದೆ. ಅವನ ಹತ್ತಿರವಲ್ಲ, ಅವನ ತಾಯಿಯ ಹತ್ತಿರ. ಆಕೆ ಒಂದು ಚಿಪಾ ರೊಟ್ಟಿ ಕೊಟ್ಟರು.

ಆಗಸ್ಟ್ 9, ಶನಿವಾರ

ಪಂಜರ ಆಯಿತು. ಪಕ್ಕದ ಮನೆಯ ಬಡಗಿ ವಿಲ್ಫ್ರಿದೋ ಮಾಡಿಕೊಡುತ್ತೇನೆಂದ. ನಾನು, ಕುಂಬಾರ, ಚಕ್ರ ತಿರುಗಿಸಿದವನು, ನಾಲ್ಕು ಕಂಬಿ ಬಗ್ಗಿಸಲಾರೆನೇ ಎಂದು ನಾನೇ ಮಾಡಿದೆ. ಮುದುಕಿ ಹೇಳಿದ್ದಕ್ಕಿಂತ ಎರಡರಷ್ಟು ದೊಡ್ಡದು. ಪೂರ್ವದ ಜಗಲಿಯಲ್ಲಿ, ಗೂಡಿನ ಹೊಗೆ ಬಾರದ ಕಡೆ.

ಒಳಗೆ ಕೂತು ಕೊಂಬೆ ಕಟ್ಟುತ್ತಿದ್ದಾಗ ಗಾಳಿಗೆ ಬಾಗಿಲು ಹಾಕಿಕೊಂಡಿತು. ಅಗುಳಿ ಹೊರಗಿನದು. ಬುದ್ಧಿವಂತ ಗಿಳಿ ತೆಗೆಯಬಾರದೆಂದು ತುಂಬ ಜಾಣತನದಿಂದ ಮಾಡಿದ ಅಗುಳಿ. ಗಿಳಿಯ ಮಾತಿರಲಿ, ನನಗೇ ತೆಗೆಯಲಾಗಲಿಲ್ಲ.

ಒಂದೂವರೆ ಗಂಟೆ ಕೂತೆ. ನಡುವೆ ಗಿರಾಕಿಗಳು ಬಂದರು. ಗಂಡ, ಹೆಂಡತಿ, ಹೆಂಡತಿಯ ತಂಗಿ. ಅಗುಳಿ ತೆಗೆಯಿರಿ ಎಂದು ಕೇಳಬಹುದಿತ್ತು. ನನ್ನ ಮಾನ ಅಡ್ಡ ಬಂತು. "ಕೆಲಸ ನಡೀತಿದೆ, ನೀವು ಆರಿಸ್ಕೊಳ್ಳಿ" ಎಂದು ಒಳಗಿನಿಂದಲೇ ಎರಡು ಕಪ್ಪೆ ಮಾರಿದೆ. ಹೋಗುವಾಗ ತಂಗಿ ಮೆಲ್ಲಗೆ ಅಕ್ಕನಿಗೆ ಹೇಳಿದ್ದು ಕೇಳಿಸಿತು: "ಪಾಪ, ಮಾತೆಲ್ಲ ಚೆನ್ನಾಗೇ ಆಡ್ತಾರೆ."

ಕೊನೆಗೆ ವಿಲ್ಫ್ರಿದೋ ಬಂದು ತೆಗೆದ. ತೆಗೆಯುವ ಮೊದಲು ತನ್ನ ಹೆಂಡತಿಯನ್ನು ಕರೆದು ತೋರಿಸಿದ.

ಆಗಸ್ಟ್ 15, ಶುಕ್ರವಾರ

ಚರ್ಚಿನ ಹಬ್ಬದ ರಜೆ. ಆದರೂ ಹೋದೆ. ದಿನಾ ಹೋಗುತ್ತಿದ್ದೇನೆ, ಹಕ್ಕಿಗೆ ನನ್ನ ಅಭ್ಯಾಸವಾಗಲೆಂದು. ಪಪಾಯಿ ಹೆಚ್ಚುವ ಕೆಲಸ ನನ್ನದು. ಒಂದು ಹೋಳು ಅದಕ್ಕೆ, ಒಂದು ಮುದುಕಿಗೆ, ಒಂದು ನನಗೆ. ಅಂಗಡಿಯಲ್ಲಿ ಹಣ್ಣು ಕೊಂಡು ಎಷ್ಟು ವರ್ಷವಾಗಿತ್ತೋ. ಈಗ ಪಪಾಯಿ ಮಾರುವವಳು ನನ್ನನ್ನು ಹೆಸರು ಹಿಡಿದು ಕರೆಯುತ್ತಾಳೆ.

ತೋಮಾಸಾ ಇವತ್ತು ಕಚ್ಚಿದಳು. ಹೆಬ್ಬೆರಳು. ಮಣ್ಣು ತಿದ್ದುವುದೇ ಆ ಬೆರಳಿನಿಂದ.

"ಹೆದ್ರಿದ ಕೈನ ಅವಳು ಕಚ್ತಾಳೆ," ಎಂದರು ನ್ಯಾ ಎರ್ಮೆಲಿಂಡಾ ಬಟ್ಟೆ ಸುತ್ತುತ್ತ. "ನೀನು ಕೈ ಕೊಡ್ತೀಯಾ, ಕೊಟ್ಟ ತಕ್ಷಣ ಹಿಂದಕ್ ಎಳ್ಕೋತೀಯಾ. ಕೊಟ್ರೆ ಕೊಡು. ಇಲ್ದಿದ್ರೆ ಜೇಬಲ್ಲಿ ಇಟ್ಕೊ."

ಆಮೇಲೆ ಅದೇ ಉಸಿರಿನಲ್ಲಿ, "ನಿಮ್ಮಣ್ಣ ದಮಾಸೋನ ಮಗಳು ಹುಟ್ಟಿದ್ದೂ ಇದೇ ಮಂಚದ ಮೇಲೆ. ಕಾಲು ಮುಂದಾಗಿ ಬಂದ್ಲು. ಲಿದುವಿನಾ. ಹೇಗಿದಾಳೆ?"

ಚೆನ್ನಾಗಿದ್ದಾಳೆ ಎಂದೆ. ಚೆನ್ನಾಗಿದ್ದಾಳೋ ಇಲ್ಲವೋ ನನಗೇನು ಗೊತ್ತು. ಬೆರಳು ಉರಿಯುತ್ತಿತ್ತು, ಬೇಗ ಎದ್ದು ಬಂದೆ.

ಆಗಸ್ಟ್ 17, ಭಾನುವಾರ

ಸರಿಯಾದ ಬೆರಳಿರುವ ಗಿಳಿಗಳನ್ನು ಮಾಡಿದೆ. ಹನ್ನೆರಡು. ಮುಂದೆ ಎರಡು, ಹಿಂದೆ ಎರಡು. ಒಂದೂ ನೆಟ್ಟಗೆ ನಿಲ್ಲಲಿಲ್ಲ. ಹನ್ನೆರಡೂ ಮುಗ್ಗರಿಸಿ ಕೊಕ್ಕು ಮುರಿದುಕೊಂಡವು. ಸತ್ಯ ಹೇಳಹೊರಟರೆ ಹೀಗೇ. ಇನ್ನು ಪ್ರತಿಯೊಂದಕ್ಕೂ ಕೂರಲು ಒಂದು ಕೊಂಬೆ ಮಾಡಬೇಕು.

ಆಗಸ್ಟ್ 19, ಮಂಗಳವಾರ

ಎಲ್ಲ ಸರಿಯಾಗಿತ್ತು. ಪಂಜರ ನೋಡಲು ಮುದುಕಿ ವಿಲ್ಫ್ರಿದೋನ ಗಾಡಿಯಲ್ಲಿ ಬಂದರು. ಕಂಬಿಗಳ ನಡುವಿನ ಅಂತರ ಬೆರಳಿಟ್ಟು ಅಳೆದರು. ಬಾಣಲೆಗಳನ್ನು ಮೂಸಿದರು. ನನ್ನ ಅಂಗಿಯನ್ನೂ ಮೂಸಿದರು. ತಲೆಯಾಡಿಸಿದರು.

"ನಿನಗೆಷ್ಟು ವಯಸ್ಸು?"

"ಐವತ್ತೊಂಬತ್ತು."

"ತೋಮಾಸಾಗೆ ಮೂವತ್ತೊಂದು. ಚೆನ್ನಾಗ್ ನೋಡ್ಕೊಂಡ್ರೆ ಇನ್ನೂ ಮೂವತ್ತು ವರ್ಷ ಇರ್ತಾಳೆ. ನೀನಿರ್ತೀಯಾ?"

"ಈಗ ಸಿಗರೇಟು ಬಿಟ್ಟಿದೀನಲ್ಲ..."

"ತಮಾಷೆ ಬೇಡ ಸೆಫೆರಿನೋ. ನನ್ನ ಹತ್ರ ಅವಳು ಬಂದಾಗ ನನಗೆ ನಲವತ್ತೇಳು. ಮುಂದೇನು ಅಂತ ನಾನು ಯೋಚ್ನೆ ಮಾಡ್ಲಿಲ್ಲ. ಅದಕ್ಕೇ ಈಗ ಕ್ಷೌರದಂಗಡಿ ಮುಂದೆ ನಿಂತು ಭಿಕ್ಷೆ ಬೇಡೋ ಹಾಗಾಯ್ತು. ನೀನು ಹೋದ್ಮೇಲೆ ಅವಳನ್ನ ಯಾರು ನೋಡ್ಕೋತಾರೆ? ನಿನಗಿಂತ ಚಿಕ್ಕೋರು, ಮಾತು ಉಳಿಸ್ಕೊಳ್ಳೋರು. ಹೆಸರು ಹೇಳು. ಅವರು ನನ್ನೆದುರಿಗೆ ಬಂದು ಒಪ್ಕೋಬೇಕು. ಇಲ್ಲ ಅಂದ್ರೆ ಕೆರೆದಂಡೆ ಹೋಟೆಲಿನವರು ಕೇಳಿದಾರೆ, ಅಲ್ಲಿಗೆ ಕೊಡ್ತೀನಿ."

ಆ ಹೋಟೆಲು ನನಗೆ ಗೊತ್ತು. ಬಾಗಿಲಲ್ಲೇ ಧ್ವನಿವರ್ಧಕ, ಬೆಳಗಿನ ಎರಡರವರೆಗೆ ಕುಣಿತ, ಕುಡಿದವರೆಲ್ಲ ಹಕ್ಕಿಗೆ ಕೆಟ್ಟ ಮಾತು ಕಲಿಸುತ್ತಾರೆ.

"ನೋಡ್ತೀನಿ" ಎಂದೆ. ಮುದುಕಿ ಮದುವೆಗೆ ಹೆಣ್ಣು ಕೊಡದ ಮಾವನ ಹಾಗೆ ನಿಂತಿದ್ದರು.

ಆಗಸ್ಟ್ 22, ಶುಕ್ರವಾರ

ಮೂರು ದಿನದ ಬೇಟೆ.

ಚರ್ಚಿನ ಪಾದ್ರಿ: ನಲವತ್ತು ವರ್ಷ, ಒಳ್ಳೆಯವರು. ಆದರೆ ನಾಲ್ಕು ವರ್ಷಕ್ಕೊಮ್ಮೆ ವರ್ಗ. ಜೊತೆಗೆ ಪ್ರಾರ್ಥನೆಯ ನಡುವೆ "ಮುಕ್ಕು, ಮುಕ್ಕು" ಎಂದರೆ ಏನು ಗತಿ ಎಂದು ಅವರೇ ಕೇಳಿದರು. ಪೋರ್ಫಿರಿಯೋ: ಮನೆಯಲ್ಲಿ ಐದು ಬೆಕ್ಕು. ವಿಲ್ಫ್ರಿದೋ ನನಗಿಂತ ಹಿರಿಯ, "ನನ್ನ ಶವಪೆಟ್ಟಿಗೆಗೆ ಹಲಗೆ ಎತ್ತಿಟ್ಟಾಗಿದೆ ಮಾರಾಯ" ಎಂದ. ಪಪಾಯಿಯವಳು ಸಂತೋಷದಿಂದ ಒಪ್ಪಿದಳು. ಗಿಳಿ ಸಾರಿಗೆ ಮರಗೆಣಸು ಹಾಕಬೇಕೋ ಬೇಡವೋ ಎಂದು ಕೇಳಿದಳು. ತಮಾಷೆಗೆ ಅಂದಳೆಂದು ಆಮೇಲೆ ತಿಳಿಯಿತು, ಅಷ್ಟರಲ್ಲಿ ನಾನು ಅರ್ಧ ದಾರಿ ಓಡಿಬಂದಿದ್ದೆ.

ಐವತ್ತೊಂಬತ್ತು ವರ್ಷ ಈ ಊರಲ್ಲೇ ಬದುಕಿದ್ದೇನೆ. ಒಂದು ಹೆಸರು ಹೇಳಲಾಗುತ್ತಿಲ್ಲ.

ಆಗಸ್ಟ್ 25, ಸೋಮವಾರ

ಮಳೆ. ಗೂಡು ಹಚ್ಚಲಿಲ್ಲ. ಸುಮ್ಮನೆ ಕೂತರೆ ಬರೆಯಬೇಕಾದ್ದನ್ನು ಬರೆಯಬೇಕಾಗುತ್ತದೆ.

ಹೆಸರು ಒಂದಿದೆ. ಮೊದಲ ದಿನದಿಂದಲೂ ಇತ್ತು. ಮುದುಕಿಗೂ ಗೊತ್ತು, ಅದಕ್ಕೇ ಅವತ್ತು ಕೇಳಿದರು.

ಲಿದುವಿನಾ ಹದಿನೈದಕ್ಕೆ ನನ್ನ ಹತ್ತಿರ ಕೆಲಸ ಕಲಿಯಲು ಬಂದಳು, ಹತ್ತು ವರ್ಷ ಇದ್ದಳು. ನನಗೆ ಮಕ್ಕಳಿಲ್ಲ. ಹೆಂಡತಿ ತೀರಿಕೊಂಡ ವರ್ಷ ಒಲೆ ಹಚ್ಚಿದವಳು ಅವಳು. ಕಪ್ಪೆ, ಕುಳ್ಳ, ಎಲ್ಲ ನನಗಿಂತ ಚುರುಕಾಗಿ ಮಾಡುತ್ತಿದ್ದಳು. ಸಂಜೆ ಉಳಿದ ಮಣ್ಣಿನಲ್ಲಿ ತನ್ನ ಪಾಡಿಗೆ ತಾನು ಬಟ್ಟಲುಗಳನ್ನು ಮಾಡಿಕೊಳ್ಳುವಳು. ಬಣ್ಣವಿಲ್ಲ, ಹೂವಿಲ್ಲ, ಹೊಗೆಯಲ್ಲಿ ಕಪ್ಪಾಗಿಸಿದ ಬರೀ ಬಟ್ಟಲು. ಒಂದು ಭಾನುವಾರ ಕೇಳಿಕೊಂಡು ಅಂಗಡಿಯ ಮೂಲೆಯಲ್ಲಿ ನಾಲ್ಕನ್ನು ಇಟ್ಟಳು.

ಗಿರಾಕಿಗಳ ಗುಂಪಿತ್ತು. ಒಬ್ಬ ಹೆಂಗಸು ಒಂದನ್ನು ಎತ್ತಿಕೊಂಡು, "ಇದು ಯಾರು ಮಾಡಿದ್ದು?" ಎಂದಳು. ಲಿದುವಿನಾ ಬಾಯಿ ತೆರೆಯುವ ಮೊದಲು ನಾನು ಹೇಳಿದೆ: "ಅದಾ? ಅದು ನಾಯಿಗೆ ಅನ್ನ ಹಾಕೋ ಬಟ್ಟಲು."

ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ಹೊತ್ತು ನಾನು ನಕ್ಕೆ. ಅವಳು ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಡಿಸಿ, ಚಕ್ರದ ಮೇಲಿಟ್ಟು ಹೋದಳು. ಒಂಬತ್ತು ವರ್ಷವಾಯಿತು.

ತಮಾಷೆಗೆ ಅಂದಿದ್ದೆ. ಕೇಳಿದವರಿಗೆಲ್ಲ ಹಾಗೇ ಹೇಳಿದ್ದೇನೆ. ದಮಾಸೋಗೂ ಹಾಗೇ ಹೇಳಿದೆ. ಅವನು ಅದಾದಮೇಲೆ ನನ್ನ ಮನೆಗೆ ಬರಲಿಲ್ಲ. ಐದು ವರ್ಷದ ಹಿಂದೆ ಅವನು ತೀರಿಕೊಂಡಾಗ ನಾನು ಸ್ಮಶಾನದ ಗೇಟಿನ ಹೊರಗೆ ನಿಂತು, ಎಲ್ಲ ಮುಗಿದ ಮೇಲೆ ಹೂವಿಟ್ಟು ಬಂದೆ. ಕಳ್ಳನ ಹಾಗೆ.

ಈ ಪುಸ್ತಕವನ್ನು ಯಾರೂ ಓದುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ಆ ಹೆಂಗಸು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ನಾನು ಮಾಡಿದ ಯಾವುದನ್ನೂ ಯಾರೂ ಹಾಗೆ ಹಿಡಿದದ್ದನ್ನು ನಾನು ಕಂಡಿರಲಿಲ್ಲ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಕುಂಬಾರನ ಕೈಯಲ್ಲೇ ದೊಣ್ಣೆ ಇದ್ದರೆ?

ಆಗಸ್ಟ್ 28, ಗುರುವಾರ

ಲಿದುವಿನಾಳ ಕುಂಬಾರಿಕೆಯ ಅಂಗಡಿ ಕೆರೆಯಾಚೆ ಸಾನ್ ಬೆರ್ನಾರ್ದಿನೋದಲ್ಲಿ. ನಮ್ಮ ದಂಡೆಯಿಂದ ಆ ಊರಿನ ಬಿಳಿ ಮನೆಗಳು ಕಾಣುತ್ತವೆ. ಬಸ್ಸಿನಲ್ಲಿ ಮಾತ್ರ ಸುತ್ತಿ ಹೋಗಬೇಕು, ನಡುವೆ ಬಸ್ಸು ಬದಲಿಸಬೇಕು. ಹೋದೆ. ಎದುರಿನ ಮರದ ಕೆಳಗೆ ನಿಂತೆ. ಎರಡು ಚಿಪಾ ತಿಂದೆ. ಚಿಪಾ ಮುಗಿಯಿತು. ಬಂದೆ.

ಆಗಸ್ಟ್ 31, ಭಾನುವಾರ

ಇವತ್ತು ಚಿಪಾ ಕೊಳ್ಳಲಿಲ್ಲ, ನೇರ ಒಳಗೆ ಹೋದೆ.

ಚಕ್ರದ ಮುಂದೆ ಕೂತಿದ್ದಳು. ಮೂವತ್ತನಾಲ್ಕು ವರ್ಷ. ದಮಾಸೋನ ಹುಬ್ಬು. ಗೋಡೆ ತುಂಬ ಕಪ್ಪು ಬಟ್ಟಲುಗಳು. ನನ್ನನ್ನು ನೋಡಿದಳು, ಚಕ್ರ ನಿಲ್ಲಿಸಲಿಲ್ಲ.

ನಾನು ಬಸ್ಸಿನಲ್ಲಿ ಎರಡು ಸಲ ಒಪ್ಪಿಸಿಕೊಂಡು ಬಂದಿದ್ದ ಮಾತುಗಳು ಎಲ್ಲಿ ಹೋದವೋ. "ಗಿಳಿಗೆ ಮುಂದೆ ಎರಡೇ ಬೆರಳು ಇರೋದಂತೆ" ಎಂದೆ.

ಒಂಬತ್ತು ವರ್ಷದ ಮೇಲೆ ನಾನಾಡಿದ ಮೊದಲ ಮಾತು ಇದು.

"ಗೊತ್ತು ಚಿಕ್ಕಪ್ಪ," ಎಂದಳು. "ಹದಿನಾರನೇ ವಯಸ್ಸಲ್ಲೇ ನಿಮಗೆ ಹೇಳಿದ್ದೆ."

"ಹೇಳಿದ್ಯಾ? ನಾನೇನಂದೆ?"

"'ಗಿಳಿ ಮಾರೋನು ನಾನಾ, ನೀನಾ' ಅಂದ್ರಿ."

ಇಂಥ ಮಾತು ನಾನು ಆಡಿರಲಾರೆ ಎನ್ನಲು ಬಾಯಿ ತೆರೆದೆ. ನನ್ನದೇ ದನಿ ಕಿವಿಯಲ್ಲಿ ಕೇಳಿಸಿತು. ಮುಚ್ಚಿದೆ. ಆಮೇಲೆ ಮುದುಕಿಯ ವಿಷಯ, ತೋಮಾಸಾಳ ವಿಷಯ, ಹೋಟೆಲಿನ ವಿಷಯ, ಹೆಸರಿನ ವಿಷಯ ಎಲ್ಲ ತಲೆಕೆಳಗಾಗಿ ಹೇಳಿದೆ. ನಾನು ಪಂಜರದೊಳಗೆ ಸಿಕ್ಕಿಬಿದ್ದದ್ದನ್ನೂ ಹೇಳಿದೆ, ಯಾಕೋ ಗೊತ್ತಿಲ್ಲ. ಅವಳ ತುಟಿಯ ತುದಿ ಸ್ವಲ್ಪ ಅಲ್ಲಾಡಿತು.

ಚಕ್ರ ನಿಂತಿತು.

"ಗಿಳಿಗೋಸ್ಕರ ಬಂದ್ರಾ, ನನಗೋಸ್ಕರ ಬಂದ್ರಾ?"

ನಿನಗೋಸ್ಕರ ಎನ್ನಬೇಕಿತ್ತು. ಯಾವ ಮೂರ್ಖನಿಗೂ ಗೊತ್ತಾಗುವ ಉತ್ತರ.

"ಗಿಳಿಗೋಸ್ಕರ," ಎಂದೆ. "ಅದಿಲ್ದಿದ್ರೆ ಬರೋ ಧೈರ್ಯ ಆಗ್ತಿರ್ಲಿಲ್ಲ ನನಗೆ. ನಾಚಿಕೆ, ಲಿದುವಿನಾ. ಅವತ್ತು ನಿನ್ನ ಬಟ್ಟಲು ಚೆನ್ನಾಗಿತ್ತು. ಅದಕ್ಕೇ ಅಂದೆ."

ತುಂಬ ಹೊತ್ತು ಕೈಯ ಮಣ್ಣನ್ನು ಉಜ್ಜುತ್ತ ಕೂತಳು. "ಯೋಚ್ನೆ ಮಾಡ್ತೀನಿ," ಎಂದಳು. "ಹೋಗಿ ಈಗ. ಬಸ್ಸು ತಪ್ಪುತ್ತೆ."

ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಇಬ್ಬರಿಗೂ ಗೊತ್ತಿತ್ತು.

ಸೆಪ್ಟೆಂಬರ್ 5, ಶುಕ್ರವಾರ

ಸುದ್ದಿಯಿಲ್ಲ. ಪಂಜರಕ್ಕೆ ಪೇರಳೆ ಕೊಂಬೆ ಹಾಕಿದೆ. ಗಿಳಿಗಳೆಲ್ಲ ಈಗ ಕೊಂಬೆ ಸಮೇತ ನಿಲ್ಲುತ್ತವೆ. ಮಾರಾಟ ಅರ್ಧವಾಗಿದೆ. "ಹಳೇ ಥರದ್ದು ಇಲ್ವಾ, ಅದರ ಕಾಲು ಚೆನ್ನಾಗಿತ್ತು" ಎನ್ನುತ್ತಾರೆ ಗಿರಾಕಿಗಳು.

ಸೆಪ್ಟೆಂಬರ್ 8, ಸೋಮವಾರ

ಹೋಟೆಲಿನ ಮ್ಯಾನೇಜರ್ ಹಕ್ಕಿ ನೋಡಲು ಮುದುಕಿಯ ಮನೆಗೆ ಬಂದಿದ್ದ. ನಾನು ಪಪಾಯಿ ಹೆಚ್ಚುತ್ತಿದ್ದೆ. ತೋಮಾಸಾ ಅವನ ಹೊಟ್ಟೆಯನ್ನು ನೋಡಿ, "ಬಂತು, ತಲೆ ಬಂತು!" ಎಂದಳು. ಅವನು ಬಿದ್ದು ಬಿದ್ದು ನಕ್ಕ. ಗಿರಾಕಿಗಳಿಗೆ ಬಹಳ ಇಷ್ಟವಾಗುತ್ತದೆ ಎಂದ. ಬಾಗಿಲಿನ ಪಕ್ಕದಲ್ಲೇ ಇಡುತ್ತಾರಂತೆ.

ಅವನು ಹೋದಮೇಲೆ ಮುದುಕಿಗೆ ನಿಜ ಹೇಳಿದೆ. "ನನ್ನ ಹತ್ರ ಹೆಸರಿಲ್ಲ ಅಮ್ಮ. ಒಬ್ಬಳನ್ನ ಕೇಳಿದೀನಿ. ಅವಳು ಬೇಡ ಅಂದ್ರೆ ಅದು ಅವಳ ತಪ್ಪಲ್ಲ."

ಅವರು ನನ್ನ ತಟ್ಟೆಗೆ ಇನ್ನೊಂದು ಹೋಳು ಹಾಕಿದರು. ಆಮೇಲೆ ಮಂಚದ ಅಂಚನ್ನು ಸವರುತ್ತ ಕೂತರು. ನನಗೆ ಹಕ್ಕಿಯ ಚಿಂತೆ ಎಂದುಕೊಂಡಿದ್ದೆ. ಆರು ದಿನದಲ್ಲಿ ಈ ಮನೆ, ಈ ಮಂಚ, ಎಲ್ಲ ಬಿಟ್ಟು ಹೋಗುವವರು ಅವರು. ಇಷ್ಟು ದಿನ ದಿನಾ ಬಂದೂ ಅವರಿಗೆ ಹೇಗನ್ನಿಸುತ್ತಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಇವತ್ತು ಕೇಳಿದೆ.

"ಹೆದ್ರಿಕೆ ಆಗುತ್ತೆ ಕಣೋ," ಎಂದರು. "ಅಲ್ಲಿ ನನಗಿಂತ ಮುಂಚೆ ಎದ್ದು ಕೂಗೋರು ಯಾರೂ ಇರಲ್ಲ."

ಕತ್ತಲಾಗುವವರೆಗೆ ಕೂತಿದ್ದೆ.

ಸೆಪ್ಟೆಂಬರ್ 10, ಬುಧವಾರ

ಮಧ್ಯಾಹ್ನ ಸೂಲಗಿತ್ತಿಯ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ಲಿದುವಿನಾ. ನ್ಯಾ ಎರ್ಮೆಲಿಂಡಾ ಅವಳನ್ನು ಹತ್ತಿರ ಕರೆದು, ಮೊದಲು ಕಾಲುಗಳನ್ನು ನೋಡಿದರು.

"ಈ ಕಾಲು ಮೊದಲು ಬಂತು ನೋಡು. ಎಷ್ಟು ಕಷ್ಟ ಕೊಟ್ಟೆ ನಿಮ್ಮಮ್ಮಂಗೆ."

"ಹಕ್ಕೀನ ನಾನು ನೋಡ್ಕೋತೀನಿ ಅಜ್ಜಿ, ಚಿಕ್ಕಪ್ಪನ ಕಾಲ ಆದ್ಮೇಲೆ. ನಿಮ್ಮೆದುರಿಗೆ ಹೇಳ್ತಿದೀನಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಆದ್ರೆ ಒಂದು ಮಾತು. ಅವತ್ತು ನೀವು ನನ್ನೊಬ್ಬಳ ಹತ್ರ ಹೇಳ್ಲಿಲ್ಲ ಚಿಕ್ಕಪ್ಪ. ಜನರ ಮುಂದೆ ಹೇಳಿದ್ರಿ."

ಅರ್ಥವಾಯಿತು. ಸಂಜೆ ನಾವಿಬ್ಬರೂ ಪೋರ್ಫಿರಿಯೋನ ಜಗಲಿಗೆ ಹೋದೆವು. ಎಲ್ಲರೂ ಇದ್ದರು. ಸಾಲದ್ದಕ್ಕೆ ಕ್ಷೌರದ ಕುರ್ಚಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡ ಒಬ್ಬ ಅಪರಿಚಿತ. ನಿಂತುಕೊಂಡೇ ಹೇಳಿದೆ. ಒಂಬತ್ತು ವರ್ಷದ ಹಿಂದೆ ಇವಳ ಕೆಲಸವನ್ನು ನಾಯಿಯ ಬಟ್ಟಲು ಎಂದು ಹೀಗಳೆದೆ, ಅದು ತಮಾಷೆಯಲ್ಲ, ಹೊಟ್ಟೆಕಿಚ್ಚು. ಇವಳು ನನಗಿಂತ ಒಳ್ಳೆಯ ಕುಂಬಾರಗಿತ್ತಿ. ಆಗಲೂ ಆಗಿದ್ದಳು. ತಪ್ಪಾಯಿತು.

ಯಾರಾದರೂ ನಗುತ್ತಾರೆಂದು ಕಾದೆ. ನಕ್ಕಿದ್ದರೆ ಸುಲಭವಾಗುತ್ತಿತ್ತು. ಪೋರ್ಫಿರಿಯೋ ಕತ್ತಿ ಕೆಳಗಿಟ್ಟು, ಲೋಟಕ್ಕೆ ನೀರು ಸುರಿದು, ಸರದಿ ಮುರಿದು ಅವಳ ಕೈಗೆ ಕೊಟ್ಟ. ಅವಳು ಕುಡಿದು ನನಗೆ ದಾಟಿಸಿದಳು. ಕೊಳವೆ ಕಚ್ಚಿ ಹಿಡಿದೆ, ಎಳೆಯಲಾಗಲಿಲ್ಲ.

"ಎಳೀರಿ ಚಿಕ್ಕಪ್ಪ," ಎಂದಳು. "ಬೇರೆಯೋರು ಕಾಯ್ತಿದಾರೆ."

ಸೆಪ್ಟೆಂಬರ್ 14, ಭಾನುವಾರ

ಬೆಳಗ್ಗೆ ಹತ್ತಕ್ಕೆ ಟ್ಯಾಕ್ಸಿ ಬಂತು. ಸೂಲಗಿತ್ತಿಯ ಹತ್ತಿರ ಒಂದೇ ಪೆಟ್ಟಿಗೆ. ತೋಮಾಸಾಳನ್ನು ಸಣ್ಣ ಬುಟ್ಟಿಗೆ ಅವರೇ ಹಾಕಿದರು, ಅವರೇ ಬಟ್ಟೆ ಮುಚ್ಚಿದರು, ಬುಟ್ಟಿಯ ಹಿಡಿಯನ್ನು ನನ್ನ ಕೈಗಿಟ್ಟರು. ಹಕ್ಕಿಗೆ ಹೋಗಿಬರುತ್ತೇನೆ ಎನ್ನಲಿಲ್ಲ. ಟ್ಯಾಕ್ಸಿಯಲ್ಲಿ ಕೂತು ನೇರ ಮುಂದಕ್ಕೆ ನೋಡುತ್ತ, "ನಡಿಯಪ್ಪ" ಎಂದರು ಚಾಲಕನಿಗೆ. ತಿರುವಿನವರೆಗೂ ತಲೆ ತಿರುಗಿಸಲಿಲ್ಲ.

ಬುಟ್ಟಿಯೊಳಗಿನಿಂದ ಒಂದು ಸದ್ದೂ ಇಲ್ಲ. ಮನೆಯವರೆಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಡೆದೆ. ಎದುರು ಸಿಕ್ಕವರು ದಾರಿ ಬಿಟ್ಟರು, ದೇವರನ್ನು ಹೊತ್ತವನಿಗೆ ಬಿಡುವ ಹಾಗೆ.

ಸೆಪ್ಟೆಂಬರ್ 16, ಮಂಗಳವಾರ

ತಿನ್ನುತ್ತಿಲ್ಲ. ಮಾತಿಲ್ಲ. ಪಂಜರದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಾಳೆ. ಲಿದುವಿನಾಗೆ ಫೋನು ಮಾಡಿದೆ, ಎರಡು ಸಲ. "ಪಕ್ಕದಲ್ಲಿ ಕೂತ್ಕೊಂಡು ನಿಮ್ಮ ಕೆಲಸ ಮಾಡಿ ಚಿಕ್ಕಪ್ಪ, ಅವಳ ಮುಖ ನೋಡ್ಬೇಡಿ" ಎಂದಳು. ಚಕ್ರವನ್ನು ಜಗಲಿಗೆ ಹೊತ್ತು ತಂದೆ. ಸೊಂಟ ಹಿಡಿದಿದೆ. ಆಶ್ರಮದಲ್ಲಿ ಮುದುಕಿಯ ಪಕ್ಕ ಇನ್ನೊಂದು ಜಾಗ ಖಾಲಿಯಿದ್ದರೆ ನಾನೂ ಹೋಗಬಹುದಿತ್ತು.

ಸೆಪ್ಟೆಂಬರ್ 18, ಗುರುವಾರ

ಅರ್ಧ ಹೋಳು ಪಪಾಯಿ ತಿಂದಳು! ನಾನು ನೋಡದಿದ್ದಾಗ. ನಾನು ನೋಡದಂತೆ ನಟಿಸುತ್ತಿದ್ದಾಗ ಎನ್ನುವುದು ಸರಿ.

ಸೆಪ್ಟೆಂಬರ್ 21, ಭಾನುವಾರ

ಚಳಿಗಾಲ ಮುಗಿದು ವಸಂತದ ಮೊದಲ ದಿನವಂತೆ. ಲಿದುವಿನಾ ಬೆಳಗ್ಗೆ ಬಂದು ಮಧ್ಯಾಹ್ನದ ಊಟ ಮುಗಿಸಿ ಹೋದಳು. ನನ್ನ ಗೂಡನ್ನು ಇಣುಕಿ ನೋಡಿ, ಹೊಗೆಗಂಡಿ ತಪ್ಪಾಗಿದೆ ಎಂದಳು. ಮುಂದಿನ ವಾರ ಸರಿಮಾಡೋಣ ಎಂದೆ.

ನಾಲ್ಕು ಗಂಟೆಗೆ ಆಶ್ರಮದಿಂದ ಫೋನು. ಸಿಸ್ಟರೊಬ್ಬರು ಮಾತಾಡಿ, ಆಮೇಲೆ ನ್ಯಾ ಎರ್ಮೆಲಿಂಡಾಗೆ ಕೊಟ್ಟರು. ಊಟಕ್ಕೆ ಉಪ್ಪು ಹಾಕಲ್ಲ, ಪಕ್ಕದ ಹಾಸಿಗೆಯವಳು ಕಿವುಡಿ, ಒಬ್ಬ ಸಿಸ್ಟರು ತಮ್ಮ ಕೈಯಲ್ಲೇ ಹುಟ್ಟಿದ ಹುಡುಗಿ, ಅವಳಿಗೆ ನಾಚಿಕೆ ಎಂದೆಲ್ಲ ಹೇಳಿದರು. ಹಕ್ಕಿಯ ಬಗ್ಗೆ ಕೇಳಲಿಲ್ಲ. ಕೊನೆಗೆ ಮಾತು ಮುಗಿಯಿತು.

"ಅಮ್ಮ, ಅವಳ ಹತ್ರ ಹಿಡೀಲಾ?" ಎಂದೆ.

ಪಂಜರದ ಬಾಗಿಲು ತೆಗೆದು ಫೋನನ್ನು ಒಳಗೆ ಚಾಚಿದೆ. ತೋಮಾಸಾ ಮೂಲೆಯಿಂದ ಕತ್ತು ತಿರುಗಿಸಿದಳು. ಫೋನಿನಲ್ಲಿ ಬರೀ ಉಸಿರು ಕೇಳುತ್ತಿತ್ತು. ಹಕ್ಕಿ ಒಂದೊಂದೇ ಹೆಜ್ಜೆ ಕೊಂಬೆಯ ತುದಿಗೆ ಬಂತು. ಅಲ್ಲಿಂದ ಫೋನು ಅದಕ್ಕೆ ಎಟಕುತ್ತಿರಲಿಲ್ಲ. ನಾನು ಇನ್ನೊಂದು ಕೈಯನ್ನು ನಡುವೆ ಇಟ್ಟೆ. ಆ ಕೈಯ ಮೇಲೆ ಹತ್ತಿ, ಮಣಿಕಟ್ಟು ದಾಟಿ, ಫೋನಿಗೆ ಕೊಕ್ಕು ತಾಗಿಸಿ ನಿಂತಳು.

ಆಗ ಅತ್ತಲಿಂದ ಮುದುಕಿ ಮೆಲ್ಲಗೆ ಮಾತಾಡತೊಡಗಿದರು. ನಮ್ಮ ಹತ್ತಿರ ಯಾವತ್ತೂ ಆಡದ ದನಿ. ಬೈಗುಳವಿಲ್ಲ. ತೋಮಾಸಾ ತಲೆ ಓರೆ ಮಾಡಿಕೊಂಡು, ಕಣ್ಣು ಅರ್ಧ ಮುಚ್ಚಿ, ಒಂದು ಸೊಲ್ಲೂ ಎತ್ತದೆ ಕೇಳಿದಳು.

ಅದು ಅವರಿಬ್ಬರ ಮಾತು, ನಾನು ಕೇಳಬಾರದ್ದು. ಕಿವಿ ಮುಚ್ಚಿಕೊಳ್ಳೋಣವೆಂದರೆ ಎರಡೂ ಕೈ ಖಾಲಿಯಿರಲಿಲ್ಲ.